ಬೆಳಕಿನ ಬಣ್ಣ, ಹಗಲಿನ ಅವಧಿ ಮತ್ತು ನಮ್ಮ ಬೆಳೆಗಳು

(ಮರಳವಾಡಿ ಹೋಬಳಿಯ ರೈತರಿಗಾಗಿ ನೀಡಿದ ಭಾಷಣದ ಪಾಠ)



ಬೆಳೆಗೆ ಏನೇನು ಬೇಕು ಎಂದು ಕೇಳಿದರೆ ಮಣ್ಣು, ನೀರು, ಗೊಬ್ಬರ, ಒಳ್ಳೆಯ ಬೀಜ ಎಂದು ಎಲ್ಲರೂ ಹೇಳುತ್ತಾರೆ. ಬೆಳಕಿನ ಹೆಸರು ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಬಿಸಿಲು ಪುಕ್ಕಟೆಯಾಗಿ ಸಿಗುವುದರಿಂದ ಅದರ ಲೆಕ್ಕ ಇಡುವ ಅಭ್ಯಾಸ ಯಾರಿಗೂ ಇಲ್ಲ. ಆದರೆ ಬೆಳೆ ಮಾತ್ರ ಬೆಳಕಿನ ಲೆಕ್ಕವನ್ನು ಬಹಳ ಬಿಗಿಯಾಗಿ ಇಡುತ್ತದೆ. ಬೆಳಕು ಎಷ್ಟು, ಅದರ ಬಣ್ಣ ಯಾವುದು, ದಿನಕ್ಕೆ ಎಷ್ಟು ಹೊತ್ತು ಎಂಬ ಮೂರನ್ನೂ ಅದು ಅಳೆಯುತ್ತದೆ. ಇದನ್ನು ತಿಳಿಯದೆ ಬಿತ್ತಿದವರು ಹೊಲದ ತುಂಬ ಹಸಿರು ಬಳ್ಳಿ ಕಂಡು, ಒಂದು ಬೊಗಸೆ ಕಾಯಿಯನ್ನೂ ಕಾಣದೆ ಹೋಗುವುದುಂಟು.

ಈ ಮಾತಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮರಳವಾಡಿ, ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣದ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ ಹಾಕುವುದು ತಲೆತಲಾಂತರದಿಂದ ಬಂದ ಪದ್ಧತಿ. ಒಬ್ಬ ರೈತ ಆರಿದ್ರಾ ಮಳೆಗೆ ನಾಟಿ ಅವರೆ ಬಿತ್ತುತ್ತಾನೆ ಎನ್ನೋಣ. ಪಕ್ಕದ ಹೊಲದವನಿಗೆ ಹದ ಸಿಗದೆ ಮಖೆ ಮಳೆಗೆ ಬಿತ್ತುತ್ತಾನೆ. ಇಬ್ಬರ ಬಿತ್ತನೆಗೂ ನಡುವೆ ಎಂಟು ವಾರಗಳ ಅಂತರ. ಹಾಗಾದರೆ ಕಾಯಿ ಕೀಳುವುದಕ್ಕೂ ಎಂಟು ವಾರಗಳ ಅಂತರ ಇರಬೇಕಲ್ಲವೆ? ಹಾಗೆ ಆಗುವುದಿಲ್ಲ. ಹೂ ಬಿಡುವ ಹೊತ್ತಿಗೆ ಆ ಅಂತರ ಬಹಳ ಕುಗ್ಗಿಹೋಗಿರುತ್ತದೆ. ಮೊದಲು ಬಿತ್ತಿದ ಬಳ್ಳಿ ದೊಡ್ಡದು, ತಡವಾಗಿ ಬಿತ್ತಿದ ಬಳ್ಳಿ ಚಿಕ್ಕದು; ಆದರೆ ಎರಡೂ ಹಿಂಗಾರಿನ ಕೊನೆಯಲ್ಲಿ, ಚಳಿ ಕಾಲಿಡುವ ಹೊತ್ತಿಗೆ ಹೂವಾಗುತ್ತವೆ. ಅದೇ ಬೀಜವನ್ನು ನೀರಾವರಿ ಇದೆಯೆಂದು ಮಾರ್ಚ್ ತಿಂಗಳಿನಲ್ಲಿ ಹಾಕಿದರೆ ಬಳ್ಳಿ ಹಬ್ಬಿ ಹಬ್ಬಿ ನೆಲ ಮುಚ್ಚುತ್ತದೆ, ಹೂ ಮಾತ್ರ ಕಾಣುವುದಿಲ್ಲ. ಗೊಬ್ಬರ ಹೆಚ್ಚಾಯಿತೆಂದೋ ಬೀಜ ಕೆಟ್ಟದ್ದೆಂದೋ ಹೇಳುವುದು ರೂಢಿ. ಬೀಜ ಕೆಟ್ಟದ್ದಲ್ಲ. ಅದು ಹಗಲು ಕುಗ್ಗುವುದನ್ನು ಕಾಯುತ್ತಿದೆ, ಅಷ್ಟೆ.

ನಮ್ಮ ಸೀಮೆಯ ಹಗಲೆಷ್ಟು?

ಭೂಮಧ್ಯರೇಖೆಯ ಬಳಿ ವರ್ಷವಿಡೀ ಹಗಲು ರಾತ್ರಿಗಳು ಹೆಚ್ಚು ಕಡಿಮೆ ಸಮ. ಉತ್ತರಕ್ಕೆ ಹೋದಂತೆ ಬೇಸಿಗೆಯ ಹಗಲು ಉದ್ದವಾಗುತ್ತದೆ, ಚಳಿಗಾಲದ ಹಗಲು ಗಿಡ್ಡವಾಗುತ್ತದೆ. ಲಂಡನ್ ನಗರದಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ. ನಮ್ಮ ಸೀಮೆ ಇರುವುದು 12 ರಿಂದ 13 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಇಲ್ಲಿ ಜೂನ್ 21ರ ಸುಮಾರಿಗೆ ಅತಿ ಉದ್ದದ ಹಗಲು 12 ಗಂಟೆ 50 ನಿಮಿಷದಷ್ಟು. ಡಿಸೆಂಬರ್ 21ರ ಸುಮಾರಿಗೆ ಅತಿ ಗಿಡ್ಡ ಹಗಲು 11 ಗಂಟೆ 20 ನಿಮಿಷದಷ್ಟು. ಎರಡಕ್ಕೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಅದೂ ಆರು ತಿಂಗಳಲ್ಲಿ ಹಂಚಿಹೋಗಿರುತ್ತದೆ. ದಿನಕ್ಕೆ ಒಂದು ನಿಮಿಷವೂ ಬೀಳುವುದಿಲ್ಲ. ಮನುಷ್ಯನ ಗಮನಕ್ಕೆ ಬಾರದ ಈ ಸಣ್ಣ ಬದಲಾವಣೆ ಅವರೆ, ಹುರುಳಿ, ತೊಗರಿ, ಹುಚ್ಚೆಳ್ಳುಗಳ ಗಮನಕ್ಕೆ ಬರುತ್ತದೆ.

ಹೂ ಬಿಡಲು ಹೀಗೆ ಗಿಡ್ಡ ಹಗಲನ್ನು ಬಯಸುವ ಬೆಳೆಗಳನ್ನು ಹ್ರಸ್ವ ದಿನ ಸಸ್ಯಗಳು ಎನ್ನುತ್ತಾರೆ. ಗೋಧಿ, ಪಾಲಕ್‌ನಂಥವು ಹಗಲು ಉದ್ದವಾದಾಗ ಹೂವಿಗೆ ಬರುವ ದೀರ್ಘ ದಿನ ಸಸ್ಯಗಳು. ಟೊಮ್ಯಾಟೊ, ಸೂರ್ಯಕಾಂತಿ ಮೊದಲಾದವು ಹಗಲಿನ ಅಳತೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ವಯಸ್ಸಿಗೆ ಬಂದಾಗ ಹೂ ಬಿಡುತ್ತವೆ. ಇವು ದಿನ ತಟಸ್ಥ ಸಸ್ಯಗಳು. ಒಂದೇ ಬೆಳೆಯಲ್ಲಿಯೂ ತಳಿಯಿಂದ ತಳಿಗೆ ಈ ಗುಣ ಬೇರೆಯಾಗಬಹುದು ಎಂಬುದನ್ನು ನೆನಪಿನಲ್ಲಿಡಬೇಕು.

ಇದು ತಿಳಿದದ್ದು ಹೇಗೆ?

ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು 1920ರಲ್ಲಿ ಪ್ರಕಟಿಸಿದರು. ಅವರ ಮುಂದೆ ಎರಡು ಒಗಟುಗಳಿದ್ದವು. ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿ ಬೇಸಿಗೆಯ ಹೊಲದಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕದಿರುವಾಗಲೇ ಹೂ ಬಿಡುತ್ತಿತ್ತು. ಇನ್ನೊಂದು, ಬಿಲಾಕ್ಸಿ ಎಂಬ ಸೋಯಾ ಅವರೆ. ಅದನ್ನು ವಾರಗಳ ಅಂತರ ಕೊಟ್ಟು ಹಲವು ಕಂತುಗಳಲ್ಲಿ ಬಿತ್ತಿದರೂ ಎಲ್ಲ ಕಂತುಗಳೂ ಸೆಪ್ಟೆಂಬರ್ ಸುಮಾರಿಗೆ ಒಟ್ಟಾಗಿ ಹೂವಾಗುತ್ತಿದ್ದವು. ನಮ್ಮ ನಾಟಿ ಅವರೆಯ ಕಥೆಯೇ ಅದು. ಉಷ್ಣತೆ, ನೀರು, ಗೊಬ್ಬರ ಎಲ್ಲವನ್ನೂ ಪರೀಕ್ಷಿಸಿ ನೋಡಿದ ಮೇಲೆ ಅವರು ಗಿಡಗಳನ್ನು ಬೇಸಿಗೆಯ ಮಧ್ಯಾಹ್ನವೇ ಕತ್ತಲೆಯ ಗೂಡಿನೊಳಗೆ ಇಟ್ಟು ಹಗಲನ್ನು ಮೊಟಕು ಮಾಡಿದರು. ಗಿಡಗಳು ಹೂ ಬಿಟ್ಟವು.

1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬಟ್ಟೆಗೂ ದನದ ಮೈಗೂ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆ ಗಿಡದ ಮೇಲೆ ಅವರು ಪ್ರಯೋಗ ಮಾಡಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಏನೂ ಆಗಲಿಲ್ಲ. ಆದರೆ ದೀರ್ಘ ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಾಕಿದರೆ ಹೂ ನಿಂತುಹೋಯಿತು. ಇದರಿಂದ ಗಿಡ ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು ಎಂದು ಸಿದ್ಧವಾಯಿತು. ಹ್ರಸ್ವ ದಿನ ಸಸ್ಯ ಎಂಬುದು ನಿಜವಾಗಿ ದೀರ್ಘ ರಾತ್ರಿಯ ಸಸ್ಯ. ರಾತ್ರಿ ಉದ್ದವಿರಬೇಕು, ನಡುವೆ ಮುರಿಯಬಾರದು. ಅಳತೆ ಮಾಡುವುದು ಎಲೆ. ಅಲ್ಲಿಂದ ಸುದ್ದಿ ಕುಡಿಗೆ ಹೋಗಿ ಕುಡಿಯು ಎಲೆ ಚಿಗುರಿಸುವುದನ್ನು ಬಿಟ್ಟು ಮೊಗ್ಗು ಕಟ್ಟುತ್ತದೆ.

ಮಳೆ ನಕ್ಷತ್ರವೂ ಸಂಕ್ರಾಂತಿಯೂ

ಹಗಲಿನ ಅಳತೆ ಸೂರ್ಯನ ಚಲನೆಯಿಂದ ಆಗುವಂಥದು. ಆದ್ದರಿಂದ ಹ್ರಸ್ವ ದಿನದ ಬೆಳೆಗಳಿಗೆ ಸೂರ್ಯನ ಪಂಚಾಂಗವೇ ಪಂಚಾಂಗ. ಹಳ್ಳಿಯ ಹಿರಿಯರು ದೀಪಾವಳಿಯನ್ನು ನೋಡಿ ಬಿತ್ತಲಿಲ್ಲ. ದೀಪಾವಳಿ ಚಂದ್ರನನ್ನು ಹಿಡಿದು ಅಕ್ಟೋಬರಿನಿಂದ ನವೆಂಬರಿಗೆ ಓಡಾಡುತ್ತದೆ. ಅವರು ಬಿತ್ತಿದ್ದು ಮಳೆ ನಕ್ಷತ್ರವನ್ನು ನೋಡಿ. ಸೂರ್ಯನು ಆಯಾ ನಕ್ಷತ್ರದಲ್ಲಿ ಇರುವ ದಿನಗಳೇ ಆರಿದ್ರಾ, ಪುನರ್ವಸು, ಮಖೆ, ಹುಬ್ಬೆ, ಉತ್ತರೆ ಮಳೆಗಳು. ಪ್ರತಿವರ್ಷ ಹೆಚ್ಚು ಕಡಿಮೆ ಅವೇ ತಾರೀಖುಗಳಿಗೆ ಅವು ಬರುತ್ತವೆ, ಆ ದಿನಗಳ ಹಗಲಿನ ಉದ್ದವೂ ಅಷ್ಟೇ ಇರುತ್ತದೆ. ಮಳೆ ಬರಲಿ ಬಿಡಲಿ, ನಕ್ಷತ್ರದ ಲೆಕ್ಕ ಹಗಲಿನ ಲೆಕ್ಕವಾಗಿ ಎಂದೂ ತಪ್ಪುವುದಿಲ್ಲ. ಹುರುಳಿಯನ್ನು ಮುಂಗಾರಿಗೆ ಹಾಕದೆ ಹುಬ್ಬೆ, ಉತ್ತರೆ ಮಳೆಗಳಿಗೆ ಕಾಯುವುದರಲ್ಲಿ ಇದೇ ಅರ್ಥವಿದೆ. ಜೂನ್ ತಿಂಗಳಿನಲ್ಲಿ ಹಾಕಿದ ಹುರುಳಿ ದನಕ್ಕೆ ಮೇವಾಗುತ್ತದೆ, ಕಣಕ್ಕೆ ಕಾಳಾಗಿ ಬರುವುದು ಕಡಿಮೆ.

ಸಂಕ್ರಾಂತಿಯೂ ಸೂರ್ಯನ ಹಬ್ಬ. ಜನವರಿ 14 ಅಥವಾ 15ರಂದು ತಪ್ಪದೆ ಬರುತ್ತದೆ. ನಾಟಿ ಅವರೆಯೂ ಸೂರ್ಯನ ಬೆಳೆ. ಹಗಲು ಕುಗ್ಗಿದಾಗ ಹೂವಾಗಿ, ಡಿಸೆಂಬರ್ ಜನವರಿಗೆ ಕಾಯಿ ತುಂಬುತ್ತದೆ. ಸಂಕ್ರಾಂತಿಯ ದಿನ ಬೇಯಿಸಿದ ಅವರೆಕಾಯಿ ತಟ್ಟೆಗೆ ಬೀಳುವುದು ತಪ್ಪದಿರುವುದಕ್ಕೆ ಕಾರಣ ಇದೇ. ಹಬ್ಬವೂ ಬೆಳೆಯೂ ಒಂದೇ ಗಡಿಯಾರವನ್ನು ನೋಡುತ್ತಿವೆ.

ಹೆಬ್ಬಾಳ ಅವರೆ ಬಂದ ಮೇಲೆ

ಅವರೆ ಚಳಿಗಾಲಕ್ಕೆ ಮಾತ್ರ ಸಿಗುವುದರಿಂದ ಉಳಿದ ತಿಂಗಳುಗಳಲ್ಲಿ ನೀರಿದ್ದರೂ ಬೆಳೆಯುವಂತಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹೆಬ್ಬಾಳದ ತಾಕುಗಳಲ್ಲಿ ಹಗಲಿನ ಅವಧಿಗೆ ಕಟ್ಟುಬೀಳದ ಅವರೆಯನ್ನು ಆರಿಸಿ ಬೆಳೆಸಿದರು. ಹೆಬ್ಬಾಳ ಅವರೆ ಎಂಬ ಹೆಸರಿನಿಂದ ಬಿಡುಗಡೆಯಾದ ಈ ಸಾಲಿನ ತಳಿಗಳಲ್ಲಿ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ರೈತರಲ್ಲಿ ಹೆಚ್ಚು ಬಳಕೆಗೆ ಬಂದವು. ಇವು ಬಳ್ಳಿಯಾಗಿ ಹಬ್ಬದೆ ಗಿಡ್ಡ ಪೊದೆಯಾಗಿ ನಿಲ್ಲುತ್ತವೆ. ಯಾವ ತಿಂಗಳಲ್ಲಿ ಬಿತ್ತಿದರೂ ಸುಮಾರು ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತವೆ. ಎರಡೂವರೆ ತಿಂಗಳ ಹೊತ್ತಿಗೆ ಹಸಿಕಾಯಿ ಕೀಳಬಹುದು.

ಹಾಗೆಂದು ನಾಟಿ ಅವರೆ ಬೇಡವಾಯಿತು ಎಂದು ತಿಳಿಯಬಾರದು. ಮಾಗಡಿ ಕಡೆಯ ಅವರೆಗೆ ಬೆಂಗಳೂರಿನ ಪೇಟೆಯಲ್ಲಿ ಇರುವ ಹೆಸರು ಅದರ ಸೊಗಡಿನಿಂದ ಬಂದದ್ದು. ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಲ್ಲಿರುವ ಈ ವಾಸನೆ ಚಳಿಗಾಲದ ನಾಟಿ ಕಾಯಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಹಗಲಿಗೆ ಕಟ್ಟುಬಿದ್ದ ಬೆಳೆಯ ಇನ್ನೊಂದು ಗುಣವೂ ಉಪಕಾರಿ. ಮುಂಗಾರು ಹಿಂದುಮುಂದಾದರೂ ಅದು ಮಳೆ ಮುಗಿಯುವ ಕಾಲಕ್ಕೇ ಹೂವಾಗುತ್ತದೆ. ರಾಗಿ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದು ಮಂಜಿನ ತೇವದಲ್ಲಿ ಕಾಯಿ ಕಟ್ಟುತ್ತದೆ. ಪೊದೆ ಅವರೆಯನ್ನು ರಾಗಿಯ ಜೊತೆ ಜುಲೈನಲ್ಲಿ ಬಿತ್ತಿದರೆ ರಾಗಿ ಇನ್ನೂ ನಿಂತಿರುವಾಗ, ಮಳೆಯ ನಡುವೆ ಅದು ಕಾಯಿಗೆ ಬರುತ್ತದೆ. ಆದ್ದರಿಂದ ಅಕ್ಕಡಿಗೆ ನಾಟಿ, ನೀರಾವರಿಯ ತನಿ ಬೆಳೆಗೆ ಹೆಬ್ಬಾಳ ಅವರೆ ಎಂದು ಇಟ್ಟುಕೊಳ್ಳುವುದು ಲೇಸು. ಎರಡು ಬೀಜಗಳನ್ನು ಒಂದೇ ಚೀಲದಲ್ಲಿ ಬೆರೆಸಿಬಿಟ್ಟರೆ ಎರಡರ ಲಾಭವೂ ಕೈತಪ್ಪುತ್ತದೆ.

ಬೆಳಕಿನ ಬಣ್ಣ

ಬಿಸಿಲು ಬಿಳಿಯಾಗಿ ಕಂಡರೂ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಅದರಲ್ಲಿವೆ. ಎಲೆಯ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಹಸಿರು ಬೆಳಕಿನ ಒಂದು ಪಾಲು ಎಲೆಯಿಂದ ಹಿಂದಿರುಗುವುದರಿಂದ ಎಲೆ ಹಸಿರಾಗಿ ಕಾಣುತ್ತದೆ. ಉಳಿದ ಪಾಲನ್ನು ಎಲೆಯೂ ಬಳಸಿಕೊಳ್ಳುತ್ತದೆ. ನೀಲಿ ಬೆಳಕು ಗಿಡವನ್ನು ಗಿಡ್ಡವಾಗಿ, ಗಟ್ಟಿಯಾಗಿ ಇಡುತ್ತದೆ. ಕಿಟಕಿಯ ಬಳಿ ಇಟ್ಟ ಕುಂಡದ ಗಿಡ ಬೆಳಕಿನ ಕಡೆ ಬಾಗುವುದೂ ನೀಲಿ ಬೆಳಕಿನಿಂದಲೇ.

ಕೆಂಪು ಬಣ್ಣದ ಕೆಲಸ ಇನ್ನೂ ವಿಶೇಷವಾದುದು. ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆ ದೂರಗೆಂಪು ಎಂಬ ಬೆಳಕಿದೆ. ಮನುಷ್ಯನ ಕಣ್ಣಿಗೆ ಅದು ಕಾಣುವುದು ಅತ್ಯಲ್ಪ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜಗಳಿಗೆ ಕೆಂಪು ಬೆಳಕು ತೋರಿಸಿದರೆ ಮೊಳೆಯುವುದನ್ನೂ, ತಕ್ಷಣ ದೂರಗೆಂಪು ತೋರಿಸಿದರೆ ಮೊಳೆಯದೆ ನಿಲ್ಲುವುದನ್ನೂ ಕಂಡರು. ಎಷ್ಟು ಸಲ ಬದಲಿಸಿದರೂ ಕೊನೆಗೆ ತೋರಿಸಿದ ಬಣ್ಣದ ಮಾತೇ ನಡೆಯಿತು. ದೀಪದ ಗುಂಡಿಯನ್ನು ಹಾಕಿ ಆರಿಸಿದ ಹಾಗೆ. ಗಿಡದೊಳಗಿನ ಆ ಗುಂಡಿಯೇ ಫೈಟೋಕ್ರೋಮ್ ಎಂಬ ವಸ್ತು. 1959ರಲ್ಲಿ ಅದು ಪತ್ತೆಯಾಯಿತು. ರಾತ್ರಿಯ ಉದ್ದವನ್ನು ಅಳೆಯುವುದರಲ್ಲಿಯೂ ಇದರದೇ ಪಾತ್ರ ದೊಡ್ಡದು.

ಇದರಿಂದ ರೈತನಿಗೆ ಏನು ಪ್ರಯೋಜನ? ಮೊದಲನೆಯದು ಒಟ್ಲು ಪಾತಿಯ ವಿಷಯ. ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿ ದೂರಗೆಂಪನ್ನು ಕೆಳಕ್ಕೆ ಬಿಡುತ್ತವೆ. ದಟ್ಟವಾಗಿ ಚೆಲ್ಲಿದ ಪಾತಿಯಲ್ಲಿ ಪ್ರತಿ ಸಸಿಗೂ ಪಕ್ಕದವನ ನೆರಳಿನ ಸುದ್ದಿ ಸಿಕ್ಕಿ, ಅದು ಬೇರು ಬಲಿಸುವುದನ್ನು ಬಿಟ್ಟು ಮೇಲಕ್ಕೆ ಎಳೆಯುತ್ತದೆ. ಅಂಥ ನೀಳ ಸಸಿ ನಾಟಿಯಾದ ಮೇಲೆ ಬಾಗುತ್ತದೆ. ಪಾತಿಯಲ್ಲಿ ಬೀಜ ತೆಳುವಾಗಿ ಬೀಳಬೇಕೆನ್ನುವುದು ಇದಕ್ಕಾಗಿ. ಎರಡನೆಯದು ಕಳೆ. ಸಣ್ಣ ಬೀಜದ ಅನೇಕ ಕಳೆಗಳು ಮಣ್ಣಿನೊಳಗೆ ವರ್ಷಗಟ್ಟಲೆ ಮಲಗಿದ್ದು, ನೇಗಿಲು ಮಣ್ಣನ್ನು ಮಗುಚಿದಾಗ ಬಿದ್ದ ಬೆಳಕಿಗೆ ಎಚ್ಚೆತ್ತು ಮೊಳೆಯುತ್ತವೆ. ಮೊದಲ ಉಳುಮೆಯಾದ ಮೇಲೆ ಕಳೆ ಮೊಳೆಯಲು ಬಿಟ್ಟು, ಬಿತ್ತನೆಗೆ ಮುಂಚೆ ಕುಂಟೆಯನ್ನು ಮೇಲೆ ಮೇಲೆ ಹಾಯಿಸಿದರೆ ಮೊಳೆತವು ಸಾಯುತ್ತವೆ, ಆಳದವು ಏಳುವುದಿಲ್ಲ. ಮೂರನೆಯದು ನೆರಳು ಪರದೆ. ಹಸಿರು ಪರದೆಯ ಹಸಿರು ಬಣ್ಣದಿಂದ ಗಿಡಕ್ಕೆ ಬಲ ಬರುತ್ತದೆಂದು ನಂಬಬೇಕಾಗಿಲ್ಲ. ಪರದೆಯ ಕೆಲಸ ಬಿಸಿಲನ್ನು ತಗ್ಗಿಸುವುದು. ಸಸಿ ಬೇರು ಹಿಡಿದ ಮೇಲೆ ಪರದೆಯನ್ನು ಸರಿಸಿ ಬಿಸಿಲಿಗೆ ಒಗ್ಗಿಸಬೇಕು.

ಸೇವಂತಿಗೆಯ ತೋಟದಲ್ಲಿ ದೀಪ

ಬೆಂಗಳೂರಿನ ಸುತ್ತಮುತ್ತ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ತೋಟದಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ಅನೇಕರು ನೋಡಿರಬಹುದು. ಸೇವಂತಿಗೆ ಹ್ರಸ್ವ ದಿನದ ಗಿಡ. ಈ ಸೀಮೆಯ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟದಿರುವುದರಿಂದ ಅನೇಕ ತಳಿಗಳು ಗಿಡ ಚಿಕ್ಕದಿರುವಾಗಲೇ ಮೊಗ್ಗು ಕಟ್ಟುತ್ತವೆ. ಕಾಂಡ ಗಿಡ್ಡವಾಗಿ ಕವಲು ಕಡಿಮೆಯಾಗುತ್ತದೆ. ನಾಟಿ ಮಾಡಿದ ಮೊದಲ ವಾರಗಳಲ್ಲಿ ರಾತ್ರಿ 10ರಿಂದ 2 ಗಂಟೆಯವರೆಗೆ ದೀಪ ಹಾಕಿ ರಾತ್ರಿಯನ್ನು ಎರಡು ತುಂಡು ಮಾಡಿದರೆ ಗಿಡ ಹೂವಿನ ಯೋಚನೆ ಬಿಟ್ಟು ಬೆಳೆಯುತ್ತದೆ. ದೀಪ ನಿಲ್ಲಿಸಿದ ಮೇಲೆ ತಳಿಗೆ ತಕ್ಕಂತೆ ಸುಮಾರು ಎಂಟರಿಂದ ಹತ್ತು ವಾರಗಳಲ್ಲಿ ಹೂ ಕೊಯ್ಲಿಗೆ ಬರುತ್ತದೆ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿದರೆ ದೀಪ ಆರಿಸಬೇಕಾದ ದಿನ ತಿಳಿಯುತ್ತದೆ.

ಇದಕ್ಕೆ ಬೇಕಾದ ಬೆಳಕು ಗಿಡದ ಮಟ್ಟದಲ್ಲಿ ಸುಮಾರು 100 ಲಕ್ಸ್. ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿರುತ್ತದೆ. ಎಂದರೆ ಬಲ್ಬಿನ ಬೆಳಕು ಬಿಸಿಲಿನ ಸಾವಿರದಲ್ಲಿ ಒಂದು ಪಾಲು. ಇದರಿಂದ ಗಿಡದ ಹೊಟ್ಟೆ ತುಂಬುವುದಿಲ್ಲ. ಬೆಳಕು ಗಿಡಕ್ಕೆ ಆಹಾರವೂ ಹೌದು, ಸುದ್ದಿಯೂ ಹೌದು. ಆಹಾರಕ್ಕೆ ಬಿಸಿಲೇ ಬೇಕು. ಸುದ್ದಿ ಮುಟ್ಟಿಸಲು ಒಂದು ಬಲ್ಬು ಸಾಕು. ರಾತ್ರಿ ಮುರಿಯುವ ಈ ಕೆಲಸದಲ್ಲಿ ಕೆಂಪು ಬೆಳಕಿಗೆ ಬಲ ಹೆಚ್ಚು. ಹುಣ್ಣಿಮೆಯ ಬೆಳದಿಂಗಳೂ ಹೀಗೆ ಮಾಡುವುದೇ ಎಂಬ ಸಂದೇಹ ಬರಬಹುದು. ಬೆಳದಿಂಗಳು ಕಾಲು ಲಕ್ಸ್‌ನ ಆಸುಪಾಸಿನದು. ಹೆಚ್ಚಿನ ಬೆಳೆಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬೇಡದ ದೀಪ

ಸೇವಂತಿಗೆಗೆ ಬೇಕೆಂದು ಹಾಕುವ ದೀಪವೇ ಅವರೆಗೆ ಬೇಡದ ದೀಪ. ಹೊಲಗಳ ಪಕ್ಕದಲ್ಲಿ ಬಡಾವಣೆ, ಕಾರ್ಖಾನೆ, ಅಗಲವಾದ ರಸ್ತೆಗಳು ಬಂದಂತೆ ಎತ್ತರದ ಕಂಬದ ದೀಪಗಳೂ ಬಂದಿವೆ. ರಾತ್ರಿಯಿಡೀ ಬೆಳಕು ಬೀಳುವ ಪಟ್ಟಿಯಲ್ಲಿ ಸೋಯಾ ಅವರೆ ಹೂ ತಡಮಾಡಿ, ಉಳಿದ ಹೊಲ ಒಣಗಿದ ಮೇಲೂ ಹಸಿರಾಗಿ ನಿಲ್ಲುವುದು, ಭತ್ತ ತೆನೆ ತಡಮಾಡುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ನಾಟಿ ಅವರೆ, ಹುರುಳಿ, ತೊಗರಿಗಳೂ ಅದೇ ಗುಂಪಿನವು. ಪಂಪ್‌ಸೆಟ್ ಮನೆಯ ಮುಂದೆ ಬೆಳಗಿನವರೆಗೆ ಉರಿಯುವ ಬಲ್ಬೂ ತನ್ನ ಸುತ್ತ ಇದೇ ಕೆಲಸ ಮಾಡಬಲ್ಲದು. ಹೊಲದ ಒಂದು ಮೂಲೆ ಮಾತ್ರ ಹಸಿರಾಗಿ ಕಾಯಿಲ್ಲದೆ ನಿಂತರೆ ರೋಗವೆಂದು ಔಷಧಿ ಹೊಡೆಯುವ ಮುಂಚೆ ರಾತ್ರಿ ಒಮ್ಮೆ ಹೋಗಿ ಅಲ್ಲಿ ಎಷ್ಟು ಬೆಳಕಿದೆ ಎಂದು ನೋಡುವುದು ಒಳ್ಳೆಯದು.

ರೈತರು ಗಮನಿಸಬೇಕಾದ ಅಂಶಗಳು

1. ಅವರೆ, ತೊಗರಿ, ಹುರುಳಿ ಬೀಜ ಕೊಳ್ಳುವಾಗ ಎಷ್ಟು ದಿನದ ಬೆಳೆ ಎಂದು ಕೇಳುವುದರ ಜೊತೆಗೆ, ಹಗಲಿನ ಅವಧಿಗೆ ಕಟ್ಟುಬಿದ್ದ ತಳಿಯೇ ಅಲ್ಲವೇ ಎಂಬುದನ್ನೂ ಕೇಳಿ ತಿಳಿಯಬೇಕು.

2. ಗುರುತಿಲ್ಲದ ಅವರೆ ಬೀಜವಾದರೆ ಮಾರ್ಚ್ ಕೊನೆಯಲ್ಲಿ ಇಪ್ಪತ್ತು ಕಾಳನ್ನು ನೀರಿನ ಕಾಲುವೆಯ ಬದಿಗೆ ಊರಿ ನೋಡಬಹುದು. ಒಂದೂವರೆ, ಎರಡು ತಿಂಗಳಲ್ಲಿ ಹೂ ಬಂದರೆ ಅದು ಎಲ್ಲ ಕಾಲದ ತಳಿ. ಬಳ್ಳಿಯಷ್ಟೇ ಹಬ್ಬಿದರೆ ಅದು ಚಳಿಗಾಲದ ತಳಿ. ಇಪ್ಪತ್ತು ಕಾಳಿನ ಖರ್ಚಿನಲ್ಲಿ ಒಂದು ಎಕರೆಯ ನಷ್ಟ ತಪ್ಪುತ್ತದೆ.

3. ಹಗಲಿಗೆ ಕಟ್ಟುಬಿದ್ದ ಬೆಳೆಯನ್ನು ತಡವಾಗಿ ಬಿತ್ತಿದರೆ ಕೊಯ್ಲು ಅಷ್ಟು ತಡವಾಗುವುದಿಲ್ಲ, ಗಿಡ ಚಿಕ್ಕದಾಗುತ್ತದೆ. ಆದ್ದರಿಂದ ತಡವಾದಷ್ಟೂ ಸಾಲುಗಳನ್ನು ಹತ್ತಿರ ಮಾಡಿ, ಬೀಜದ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಬೇಕು. ಬೇಗ ಬಿತ್ತಿದಾಗ ಬಳ್ಳಿಗೆ ಹೆಚ್ಚು ಜಾಗ ಬಿಡಬೇಕು.

4. ತಂಪು ದೇಶಗಳ ಈರುಳ್ಳಿ ಬೀಜ ಚೆಂದದ ಪೊಟ್ಟಣದಲ್ಲಿ ಬಂದರೂ ಕೊಳ್ಳಬಾರದು. ಆ ತಳಿಗಳು ಗೆಡ್ಡೆ ಕಟ್ಟಲು ಇಲ್ಲಿ ಎಂದೂ ಬಾರದಷ್ಟು ಉದ್ದದ ಹಗಲನ್ನು ಬೇಡುತ್ತವೆ; ಇಲ್ಲಿ ಎಲೆಯೇ ಬರುತ್ತದೆ. ನಮ್ಮ ಸೀಮೆಗೆ ಶಿಫಾರಸಾದ ತಳಿಯನ್ನೇ ಹಾಕಬೇಕು.

5. ಕಂಬದ ದೀಪ ಬೀಳುವ ಪಟ್ಟಿಯಲ್ಲಿ ಟೊಮ್ಯಾಟೊ, ಸೂರ್ಯಕಾಂತಿ, ಮೇವಿನ ಹುಲ್ಲುಗಳಂಥ ಬೆಳೆ ಹಾಕಬಹುದು. ಬೆಳಕು ರಸ್ತೆಯ ಮೇಲಷ್ಟೇ ಬೀಳುವಂತೆ ದೀಪಕ್ಕೆ ಮರೆ ಕಟ್ಟಿಸಲು ಪಂಚಾಯಿತಿಗೆ ಅರ್ಜಿ ಕೊಡಬಹುದು. ಪಂಪ್‌ಸೆಟ್ ಮನೆಯ ಬಲ್ಬನ್ನು ಕೆಲಸ ಮುಗಿದ ಮೇಲೆ ಆರಿಸಬೇಕು.

6. ಸೇವಂತಿಗೆಗೆ ದೀಪ ಹಾಕುವವರು ಒದ್ದೆ ನೆಲದ ಮೇಲೆ ಬರಿಯ ತಂತಿ, ಗಂಟು ಹಾಕಿದ ತಂತಿ ಎಳೆಯಬಾರದು. ಅಧಿಕೃತ ಸಂಪರ್ಕ ಪಡೆದು, ಒಳ್ಳೆಯ ಹೊದಿಕೆಯ ತಂತಿಯನ್ನು ಬಲ್ಲವರಿಂದ ಹಾಕಿಸಬೇಕು. ಹೂವಿಗಿಂತ ಜೀವ ದೊಡ್ಡದು.

ತಳಿಗಳ ಬಗ್ಗೆ ಹೆಚ್ಚಿನ ವಿವರ ಬೇಕಾದವರು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಕಾಣಬಹುದು. ಮಣ್ಣನ್ನು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ರೂಢಿ ಈಗ ಬಂದಿದೆ. ಹಾಗೆಯೇ ಹಗಲನ್ನು ಎಣಿಸಿ ಬೀಜ ಆರಿಸುವ ರೂಢಿಯೂ ಬರಬೇಕು. ಬಿತ್ತುವ ದಿನವನ್ನು ರೈತ ನಿಶ್ಚಯಿಸಬಹುದು. ಹೂ ಬಿಡುವ ದಿನವನ್ನು ನಿಶ್ಚಯಿಸುವವನು ಸೂರ್ಯನೋ ರೈತನೋ ಎಂಬುದು ಅವನು ಕೈಗೆ ಎತ್ತಿಕೊಂಡ ಬೀಜದಲ್ಲಿದೆ.